ಮೂಗಿನ ಸರ್ಜರಿ ನಂತರ ಊತ, ಕಪ್ಪು-ನೀಲಿ ಕಲೆ ಇಳಿಸುವುದು ಹೇಗೆ: ಮಲೆನಾಡಿನ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಮೂಗಿನ ಅಂದ ತಿದ್ದುವ ಸರ್ಜರಿ, ಅಂದರೆ ರೈನೋಪ್ಲಾಸ್ಟಿ, ಮಾಡಿಸಿಕೊಂಡವರ ಮುಖ ಮೊದಲ ದಿನಕ್ಕಿಂತ ಎರಡನೇ, ಮೂರನೇ ದಿನ ಜಾಸ್ತಿ ಊದುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ಗಾಬರಿ ಶುರುವಾಗುತ್ತದೆ. ಆಪರೇಷನ್ ಕೆಟ್ಟಿತು ಅಂತ ಒಬ್ಬರು, ನಂಜಾಯಿತು ಅಂತ ಇನ್ನೊಬ್ಬರು. ಆಮೇಲೆ ಶುಂಠಿ ಕಷಾಯ, ಹಬೆ, ಎಣ್ಣೆ, ಅರಿಶಿನದ ಪಟ್ಟು, ಒಂದಾದ ಮೇಲೊಂದು. ಎಲ್ಲವೂ ಪ್ರೀತಿಯಿಂದಲೇ ಬರುತ್ತವೆ. ಆದರೆ ಅವುಗಳಲ್ಲಿ ಅರ್ಧದಷ್ಟು ಊತವನ್ನು ಹೆಚ್ಚಿಸುತ್ತವೆ.

ನನ್ನ ತಂಗಿಯ ಮೂಗಿನ ಸರ್ಜರಿ ಆದಾಗ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲೇ ಅವಳ ಆರೈಕೆ ನಡೆಯಿತು. ಆಗ ನನಗೆ ಒಂದು ವಿಷಯ ಚೆನ್ನಾಗಿ ಮನವರಿಕೆಯಾಯಿತು. ಊತವನ್ನು ಇಳಿಸುವುದು ದೇಹದ ಕೆಲಸ, ಅದನ್ನು ಕೆರಳಿಸದೆ ಇರುವುದು ನಮ್ಮ ಕೆಲಸ. ಮಲೆನಾಡಿನ ಮನೆಯಲ್ಲಿ ಕೆರಳಿಸುವ ಸಂಗತಿಗಳು ಬೇಕಾದಷ್ಟಿವೆ. ಒಲೆಯ ಹೊಗೆ, ಹಂಡೆಯ ಬಿಸಿನೀರು, ಉಪ್ಪಿನಕಾಯಿ, ಎಲೆ ಅಡಿಕೆ, ಘಾಟಿ ದಾರಿ. ಅದಕ್ಕೇ ಈ ಬರಹ.

ಶುರುವಿಗೇ ಒಂದು ಮಾತು. ನಿಮ್ಮ ಸರ್ಜನ್ ಕೊಟ್ಟ ಚೀಟಿಯಲ್ಲಿ ಬೇರೆ ಥರ ಬರೆದಿದ್ದರೆ ಅದನ್ನೇ ಪಾಲಿಸಿ. ಒಳಗೆ ಏನು ಮಾಡಿದ್ದಾರೆ ಅನ್ನುವುದು ಅವರಿಗೆ ಗೊತ್ತು.

ಊತ ಯಾಕೆ, ಎಷ್ಟು ದಿನ

ಮೂಗಿನ ಆಕಾರ ಬದಲಿಸಲು ಚರ್ಮವನ್ನು ಮೂಳೆ ಮತ್ತು ಮೃದ್ವಸ್ಥಿಯಿಂದ, ಅಂದರೆ ಮೆತ್ತನೆಯ ಎಲುಬಿನಿಂದ, ಬಿಡಿಸುತ್ತಾರೆ. ಡುಬ್ಬ ತೆಗೆಯಲು ಅಥವಾ ಮೂಗನ್ನು ಸಪೂರ ಮಾಡಲು ಎಷ್ಟೋ ಸಲ ಮೂಗಿನ ಮೂಳೆಯನ್ನೇ ಕತ್ತರಿಸಿ ಕೂರಿಸುತ್ತಾರೆ. ಆಗ ಸಣ್ಣ ರಕ್ತನಾಳಗಳಿಂದ ಒಸರಿದ ರಕ್ತ ಕಣ್ಣಿನ ಕೆಳಗಿನ ತೆಳು ಚರ್ಮದಡಿ ಸೇರಿಕೊಳ್ಳುತ್ತದೆ. ಹೊಡೆತ ಬೀಳದಿದ್ದರೂ ಕಣ್ಣಿನ ಸುತ್ತ ನೀಲಿಗಟ್ಟುವುದು ಇದರಿಂದಲೇ. ಮೂಳೆ ಮುಟ್ಟದೆ ತುದಿಯನ್ನಷ್ಟೇ ತಿದ್ದಿದ್ದರೆ ಕಲೆ ಬಹಳ ಕಡಿಮೆ ಇರಬಹುದು.

ಊತ ಸಾಮಾನ್ಯವಾಗಿ 48ರಿಂದ 72 ಗಂಟೆಯೊಳಗೆ ತುತ್ತತುದಿ ಮುಟ್ಟಿ ಆಮೇಲೆ ಇಳಿಯತೊಡಗುತ್ತದೆ. ಕಲೆ ಮೊದಲು ಕಡು ನೇರಳೆ ಇರುತ್ತದೆ, ನಂತರ ಹಸಿರು ಛಾಯೆ, ಕೊನೆಗೆ ಹಳದಿ. ಹೆಚ್ಚಿನವರಿಗೆ 10ರಿಂದ 14 ದಿನದಲ್ಲಿ ಮಾಸುತ್ತದೆ. ನಡುವೆ ಆ ಬಣ್ಣ ಕೆನ್ನೆಗೆ, ಕೆಲವೊಮ್ಮೆ ದವಡೆಯವರೆಗೂ ಇಳಿಯುತ್ತದೆ. ಅದು ಹರಡುತ್ತಿರುವ ರೋಗವಲ್ಲ, ರಕ್ತ ತನ್ನ ಭಾರಕ್ಕೆ ತಾನು ಕೆಳಗೆ ಜಾರುವುದು ಅಷ್ಟೇ. ಕಣ್ಣಿನ ಬಿಳಿ ಭಾಗದಲ್ಲಿ ಕೆಂಪು ಮಚ್ಚೆ ಬಂದರೂ, ನೋಟ ಸರಿಯಿದ್ದರೆ, ಎರಡು ಮೂರು ವಾರದಲ್ಲಿ ತಾನಾಗಿ ಹೋಗುತ್ತದೆ.

ನಾಲ್ಕು ಜನರ ಮುಂದೆ ಓಡಾಡುವ ಮುಖ ಎರಡು ಮೂರು ವಾರದಲ್ಲಿ ವಾಪಸ್ ಬರುತ್ತದೆ. ಆದರೆ ಒಳಗಿನ ಊತ ಪೂರ್ತಿ ಇಳಿಯಲು ಒಂದು ವರ್ಷ ಬೇಕು. ದಪ್ಪ ಚರ್ಮದವರಿಗೆ ಇನ್ನೂ ಜಾಸ್ತಿ. ನಮ್ಮ ಕಡೆ ಮೂಗಿನ ತುದಿಯ ಚರ್ಮ ದಪ್ಪ ಇರುವವರು ತುಂಬಾ ಜನ, ಅಂಥವರು ತಾಳ್ಮೆಯನ್ನು ಮೊದಲೇ ಕಟ್ಟಿಟ್ಟುಕೊಳ್ಳಬೇಕು.

ಹೆಜ್ಜೆ 1: ದಿನ ಗೊತ್ತು ಮಾಡುವಾಗ

ಮದುವೆಗೆ ಒಂದು ತಿಂಗಳು ಇದೆ, ಅಷ್ಟರಲ್ಲಿ ಮೂಗು ಮಾಡಿಸಿಕೊಂಡು ಬಿಡೋಣ ಅನ್ನುವವರು ಇದ್ದಾರೆ. ದಯವಿಟ್ಟು ಬೇಡ. ಫೋಟೋ ತೆಗೆಯುವ ದಿನಕ್ಕೂ ಸರ್ಜರಿಗೂ ಮಧ್ಯೆ ಕಡಿಮೆ ಅಂದರೂ ಆರು ತಿಂಗಳು ಇಟ್ಟುಕೊಳ್ಳಿ.

ಅಡಿಕೆ ತೋಟದ ಮನೆಯಾದರೆ ಗೊನೆ ಕೊಯ್ಲಿನ ಸಮಯ ತಪ್ಪಿಸಿ. ಆ ದಿನಗಳಲ್ಲಿ ಅಂಗಳ ತುಂಬಾ ಜನ, ರಾತ್ರಿಯಿಡೀ ಅಡಿಕೆ ಸುಲಿಯುವ ಕೆಲಸ, ಬೇಯಿಸುವ ಒಲೆಯ ಹೊಗೆ. ಮೂಗಿನಲ್ಲಿ ಹೊಲಿಗೆ ಇರುವವರಿಗೆ ಇದು ಸರಿಹೋಗುವುದಿಲ್ಲ. ಬಗ್ಗಿ ಅಡಿಕೆ ಹರಡುವ ಕೆಲಸವೂ ಕೂಡದು. ಜಡಿಮಳೆಯ ಜುಲೈ, ಆಗಸ್ಟ್ ಕೂಡ ಕಷ್ಟವೇ. ಮನೆಯಲ್ಲಿ ತೇವ, ಗೋಡೆಯಲ್ಲಿ ಬೂಸ್ಟು, ಅದರ ಮೇಲೆ ಶೀತ, ಸೀನು. ಅಲರ್ಜಿ ಇರುವವರಂತೂ ಮಳೆ ಮುಗಿದ ಮೇಲೆ ನೋಡುವುದೇ ವಾಸಿ.

ಹೆಜ್ಜೆ 2: ಎರಡು ವಾರದ ಮುಂಚೆಯೇ ಮಾತ್ರೆ, ಕಷಾಯಗಳ ಲೆಕ್ಕ

ಕಲೆ ಕಡಿಮೆ ಆಗಬೇಕು ಅಂದರೆ ರಕ್ತ ಕಡಿಮೆ ಒಸರಬೇಕು. ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫೆನಾಕ್ ಜಾತಿಯ ಮಾತ್ರೆಗಳು ರಕ್ತ ಹೆಪ್ಪುಗಟ್ಟುವುದಕ್ಕೆ ಅಡ್ಡಿ ಮಾಡುತ್ತವೆ. ಅಂಗಡಿಯ ಹೆಸರಿನಲ್ಲಿ ಹೇಳುವುದಾದರೆ ಡಿಸ್ಪ್ರಿನ್, ಕಾಂಬಿಫ್ಲಾಮ್, ವೋವೆರಾನ್. ತಲೆನೋವು, ಸೊಂಟನೋವು ಅಂತ ನಾವು ಯೋಚಿಸದೆ ನುಂಗುವ ಮಾತ್ರೆಗಳೇ ಇವು. ಸರ್ಜರಿಗೆ ಎರಡು ವಾರ ಮುಂಚಿನಿಂದ, ಆದ ಮೇಲೆ ಇನ್ನೆರಡು ವಾರ, ಸರ್ಜನ್ ತಾವೇ ಬರೆದುಕೊಡದೆ ಇವನ್ನು ಮುಟ್ಟಬೇಡಿ. ಮೀನೆಣ್ಣೆ, ವಿಟಮಿನ್ ಇ, ಬೆಳ್ಳುಳ್ಳಿ ಮತ್ತು ಅರಿಶಿನದ ಕ್ಯಾಪ್ಸೂಲ್, ಗಿಂಕ್ಗೊ, ಜಿನ್ಸೆಂಗ್‌ನಂಥ ಗಿಡಮೂಲಿಕೆ ಕೂಡ ಇದೇ ಪಟ್ಟಿಯಲ್ಲಿ ಬರುತ್ತವೆ. ಸಾರಿಗೆ ಹಾಕುವ ಬೆಳ್ಳುಳ್ಳಿ, ಪಲ್ಯಕ್ಕೆ ಹಾಕುವ ಅರಿಶಿನಕ್ಕೆ ಹೆದರಬೇಕಿಲ್ಲ.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳಬೇಕು. ಹೃದಯದ ತೊಂದರೆಗೆ ಇಕೋಸ್ಪ್ರಿನ್ ಅಥವಾ ಬೇರೆ ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ತಾವಾಗಿಯೇ ನಿಲ್ಲಿಸಬಾರದು. ಅದು ಜೀವಕ್ಕೆ ಅಪಾಯ. ಹೃದಯದ ಡಾಕ್ಟರ್ ಮತ್ತು ಸರ್ಜನ್ ಇಬ್ಬರೂ ಸೇರಿ ತೀರ್ಮಾನಿಸಲಿ. ಬಿಪಿ ಮಾತ್ರೆಯನ್ನೂ ತಪ್ಪಿಸಬೇಡಿ, ಬಿಪಿ ಏರಿದರೆ ರಕ್ತ ಒಸರುವುದೂ ಏರುತ್ತದೆ. ನಾಟಿ ಔಷಧಿ, ಆಯುರ್ವೇದದ ಲೇಹ್ಯ, ಹೋಮಿಯೋಪತಿ ಏನೇ ಇರಲಿ, ಸರ್ಜನ್ ಬಳಿ ಮುಚ್ಚುಮರೆ ಇಲ್ಲದೆ ಹೇಳಿ.

ಇನ್ನು ಎಲೆ ಅಡಿಕೆ. ಅಡಿಕೆ ಬೆಳೆಯುವ ಸೀಮೆಯಲ್ಲಿ ಕವಳ ಬಿಡಿ ಅನ್ನುವುದು ಕಷ್ಟದ ಮಾತೇ. ಆದರೆ ಹೊಗೆಸೊಪ್ಪು, ಗುಟ್ಕಾ, ಬೀಡಿ, ಸಿಗರೇಟಿನಲ್ಲಿರುವ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ಮೂಗಿನ ಚರ್ಮಕ್ಕೆ ರಕ್ತ ಸರಿಯಾಗಿ ಸಿಗದೆ ಗಾಯ ಮಾಯುವುದು ತಡವಾಗುತ್ತದೆ, ಕೆಲವರಿಗೆ ಚರ್ಮವೇ ಸಾಯುವ ಅಪಾಯವೂ ಇದೆ. ಸರ್ಜರಿಗೆ ಮುಂಚೆ 4 ವಾರ, ಆಮೇಲೆ 4 ವಾರ ಪೂರ್ತಿ ಬಂದ್. ಹೊಗೆಸೊಪ್ಪಿಲ್ಲದ ಕವಳವೂ ಮೊದಲ ಎರಡು ವಾರ ಬೇಡ. ಗಟ್ಟಿ ಅಡಿಕೆ ಅಗಿಯುವಾಗ ಮೇಲ್ದುಟಿ ಎಳೆದು ಎಳೆದು ಮೂಗಿನ ಬುಡದ ಹೊಲಿಗೆಗೆ ತ್ರಾಸ ಕೊಡುತ್ತದೆ. ಮದ್ಯವನ್ನೂ ಹಿಂದೆ ಮುಂದೆ ಎರಡು ವಾರ ದೂರ ಇಡಿ. ಅದು ರಕ್ತನಾಳ ಹಿಗ್ಗಿಸಿ ಊತ ತರುತ್ತದೆ.

ಹೆಜ್ಜೆ 3: ಮನೆಯನ್ನು ಮೊದಲೇ ಅಣಿ ಮಾಡುವುದು

ಆಸ್ಪತ್ರೆಯಿಂದ ಬಂದ ಮೇಲೆ ಹುಡುಕಾಡುವ ಹಾಗಾಗಬಾರದು. ಮನೆಯಲ್ಲಿ ಇರಬೇಕಾದ್ದು ಹೆಚ್ಚೇನಲ್ಲ. ಮೂರು ಗಟ್ಟಿ ದಿಂಬು, ಎರಡು ಸಣ್ಣ ದಿಂಬು, ಮೆತ್ತನೆಯ ಹತ್ತಿ ಬಟ್ಟೆಯ ತುಂಡುಗಳು, ಗಾಯಕ್ಕೆ ಬಳಸುವ ಗಾಜ್ ಬಟ್ಟೆ, ಮೂಗಿಗೆ ಹಾಕುವ ಸಲೈನ್ (ಉಪ್ಪುನೀರಿನ) ಸ್ಪ್ರೇ, ತುಟಿಗೆ ವ್ಯಾಸಲೀನ್, ಥರ್ಮಾಮೀಟರ್, ಬರೆದುಕೊಟ್ಟ ಮಾತ್ರೆ ಮುಲಾಮು. ಆರಾಮಕುರ್ಚಿ ಇರುವ ಮನೆಯವರು ಪುಣ್ಯವಂತರು. ಅದರ ಓರೆ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ.

ಬಟ್ಟೆ ಮುಂದೆ ಗುಂಡಿ ಇರುವುದೇ ಬೇಕು. ತಲೆ ಮೇಲಿಂದ ಎಳೆದು ಹಾಕುವ ಟೀ ಶರ್ಟ್, ಬಿಗಿ ಕುತ್ತಿಗೆಯ ನೈಟಿ ಮೂಗಿಗೆ ತಾಗದೆ ಬಿಡುವುದಿಲ್ಲ.

ಮಳೆಗಾಲವಾದರೆ ಕರೆಂಟ್ ನಂಬಬೇಡಿ. ಒಂದು ಮರ ಬಿದ್ದರೆ ಎರಡು ದಿನ ಫ್ರಿಜ್ ಸತ್ತಿರುತ್ತದೆ. ಐಸ್ ತುಂಬಿಡಲು ದೊಡ್ಡ ಬಾಯಿಯ ಥರ್ಮಾಸ್ ಅಥವಾ ಐಸ್ ಡಬ್ಬಿ ಮೊದಲೇ ತಂದಿಡಿ. ಅದೂ ಮುಗಿದರೆ ಮಡಕೆಯ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು, ಮಲೆನಾಡಿನ ನೀರು ತಂಪಾಗಿಯೇ ಇರುತ್ತದೆ. ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಕೆನ್ನೆಗೆ ಹಗುರವಾಗಿ ತಾಗಿಸಿ. ಬಾವಿ ನೀರು ಗಾಯಕ್ಕೆ, ಕಾಸ್ಟಿಗೆ (ಮೂಗಿನ ಮೇಲೆ ಅಂಟಿಸುವ ಗಟ್ಟಿ ಕವಚಕ್ಕೆ) ತಾಗಬಾರದು.

ಹೆಜ್ಜೆ 4: ಊರಿಗೆ ಮರಳುವ ದಾರಿ

ಸರ್ಜರಿ ಶಿವಮೊಗ್ಗದಲ್ಲೇ ಆದರೆ ಸಲೀಸು. ಬೆಂಗಳೂರಿಗೆ ಹೋಗಿದ್ದರೆ ಸುಮಾರು 300 ಕಿಲೋಮೀಟರ್ ವಾಪಸ್ ಬರಬೇಕು. ಮಣಿಪಾಲ, ಮಂಗಳೂರು ಕಡೆ ಹೋದವರಿಗೆ ಆಗುಂಬೆ ಅಥವಾ ಹುಲಿಕಲ್ ಘಾಟಿ ಹತ್ತುವುದಿದೆ. ಅರಿವಳಿಕೆ ಪೂರ್ತಿ ಇಳಿಯದ ಹೊಟ್ಟೆ, ಅದರೊಳಗೆ ನುಂಗಿದ ಒಂದಿಷ್ಟು ರಕ್ತ, ಮೇಲೆ ತಿರುವು ದಾರಿ. ವಾಂತಿ ಬರುವ ಸಂಭವ ಜಾಸ್ತಿ. ವಾಂತಿಯ ಒತ್ತಡಕ್ಕೆ ಮುಖದ ರಕ್ತನಾಳ ಉಬ್ಬಿ ಮತ್ತೆ ರಕ್ತ ಬರಬಹುದು. ಆದಷ್ಟೂ ಮೊದಲ ಒಂದೆರಡು ರಾತ್ರಿ ಆಸ್ಪತ್ರೆಯ ಹತ್ತಿರದ ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ಉಳಿಯಿರಿ. ಹೊರಡುವ ಮುಂಚೆ ವಾಕರಿಕೆ ತಡೆಯುವ ಮಾತ್ರೆ ಕೇಳಿ ಪಡೆಯಿರಿ. ಕಾರಿನ ಮುಂದಿನ ಸೀಟು ಓರೆ ಮಾಡಿ ಕೂರಿಸಿ, ಕುತ್ತಿಗೆಗೆ ದಿಂಬು ಇಡಿ, ಸೀಟ್ ಬೆಲ್ಟ್ ಮರೆಯಬೇಡಿ. ಬಸ್ ಬೇಡ. ಬ್ರೇಕ್ ಹಾಕಿದಾಗ ಮುಂದಿನ ಸೀಟಿನ ಕಂಬಿಗೆ ಮುಖ ಹೋಗುವುದನ್ನು ನಾವೆಲ್ಲ ನೋಡಿದ್ದೇವೆ.

ಹೆಜ್ಜೆ 5: ಮೊದಲ ಮೂರು ದಿನ, ತಲೆ ಮೇಲೆ, ತಂಪು ಕೆನ್ನೆಗೆ

ಇಡೀ ಬರಹದಲ್ಲಿ ಒಂದೇ ಒಂದು ಭಾಗ ಓದುವ ಪುರುಸೊತ್ತಿದ್ದರೆ ಇದನ್ನು ಓದಿ.

ತಲೆ ಯಾವಾಗಲೂ ಎದೆಗಿಂತ ಎತ್ತರದಲ್ಲಿ ಇರಬೇಕು, 30ರಿಂದ 45 ಡಿಗ್ರಿ ಓರೆಯಲ್ಲಿ. ಹಗಲೂ ಹೌದು, ರಾತ್ರಿಯೂ ಹೌದು. ಬರೀ ತಲೆಯ ಕೆಳಗೆ ಎರಡು ದಿಂಬು ಪೇರಿಸಿದರೆ ಕುತ್ತಿಗೆ ಮಡಚಿ ನೋವು ಬರುತ್ತದೆ, ಪ್ರಯೋಜನವೂ ಕಡಿಮೆ. ದೊಡ್ಡ ದಿಂಬನ್ನು ಬೆನ್ನಿನ ನಡುವಿನಿಂದ ಶುರು ಮಾಡಿ ಇಡಿ. ಅದರ ಮೇಲೆ ಇನ್ನೊಂದನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಇಡಿ, ಮೂರನೆಯದು ತಲೆಗೆ. ಮೊಣಕಾಲಿನ ಕೆಳಗೆ ಕಂಬಳಿ ಸುತ್ತಿ ಇಟ್ಟರೆ ನಿದ್ದೆಯಲ್ಲಿ ಕೆಳಗೆ ಜಾರುವುದಿಲ್ಲ. ಎರಡೂ ಪಕ್ಕಕ್ಕೆ ಸಣ್ಣ ದಿಂಬು ಒತ್ತಿಟ್ಟರೆ ಮಗ್ಗುಲಾಗುವುದಿಲ್ಲ. ಅಂಗಾತ ಮಲಗುವುದು ಕಡಿಮೆ ಅಂದರೂ ಎರಡು ವಾರ, ಕೆಲವು ಸರ್ಜನ್‌ಗಳು ನಾಲ್ಕರಿಂದ ಆರು ವಾರ ಹೇಳುತ್ತಾರೆ. ಇಷ್ಟೆಲ್ಲ ಮಾಡಿದರೂ ಬೆಳಗ್ಗೆ ಎದ್ದಾಗ ಮುಖ ದಪ್ಪ, ಸಂಜೆಗೆ ಹಗುರ ಅನಿಸುತ್ತದೆ. ಅದು ಸರಿಯೇ.

ತಂಪು ಕೊಡುವುದು ಮೊದಲ 48ರಿಂದ 72 ಗಂಟೆ. ಎಚ್ಚರ ಇರುವಾಗ ಗಂಟೆಗೊಮ್ಮೆ 10ರಿಂದ 15 ನಿಮಿಷ. ಜಾಗ ಯಾವುದು ಅನ್ನುವುದು ಮುಖ್ಯ. ಕೆನ್ನೆಯ ಮೇಲ್ಭಾಗ, ಕಣ್ಣಿನ ಕೆಳಗೆ ಮತ್ತು ಪಕ್ಕ. ಮೂಗಿನ ಮೇಲೆ, ಕಾಸ್ಟಿನ ಮೇಲೆ ಇಡಲೇಬಾರದು. ಐಸಿನ ಭಾರಕ್ಕೆ ಈಗಷ್ಟೇ ಕೂರಿಸಿದ ಮೂಳೆ ಅಲುಗಬಹುದು, ಕರಗಿದ ನೀರಿಗೆ ಕಾಸ್ಟಿನ ಅಂಟು ಬಿಡಬಹುದು.

ತಂಗಿಗೆ ನಾವು ಮಾಡಿದ್ದು ಹೀಗೆ. ಐಸನ್ನು ಲಟ್ಟಣಿಗೆಯಿಂದ ಜಜ್ಜಿ ಸಣ್ಣ ಜಿಪ್ ಕವರಿಗೆ ಅರ್ಧ ಮಾತ್ರ ತುಂಬುತ್ತಿದ್ದೆವು. ಗಾಳಿ ಪೂರ್ತಿ ಹೊರಗೆ ಹಿಂಡಿ ಮುಚ್ಚಿದರೆ ಚೀಲ ಚಪ್ಪಟೆಯಾಗಿ ಕೆನ್ನೆಯ ಉಬ್ಬಿಗೆ ಸರಿಯಾಗಿ ಕೂರುತ್ತಿತ್ತು. ಅದನ್ನು ಅಮ್ಮನ ಹಳೇ ಹತ್ತಿ ಸೀರೆಯ ತುಂಡಿನಲ್ಲಿ ಎರಡು ಮಡಿಕೆ ಸುತ್ತಿ, ಅವಳೇ ಕೈಯಲ್ಲಿ ಹಿಡಿದು ಹಗುರವಾಗಿ ತಾಗಿಸಿಕೊಳ್ಳುತ್ತಿದ್ದಳು. ಬೇರೆಯವರು ಹಿಡಿದರೆ ಎಷ್ಟು ಒತ್ತುತ್ತಿದ್ದೇವೆ ಅಂತ ಗೊತ್ತಾಗುವುದಿಲ್ಲ. ಬರೀ ಐಸನ್ನು ಚರ್ಮಕ್ಕೆ ಇಡಬೇಡಿ. ಸರ್ಜರಿ ನಂತರ ಚರ್ಮಕ್ಕೆ ಸ್ಪರ್ಶ ಕಡಿಮೆ ಇರುತ್ತದೆ, ಸುಟ್ಟ ಹಾಗಾದರೂ ಗೊತ್ತಾಗದು.

ಮೂರು ದಿನ ದಾಟಿದ ಮೇಲೆ ಐಸಿನಿಂದ ಹೆಚ್ಚು ಲಾಭ ಇಲ್ಲ. ಕೆಲವು ಸರ್ಜನ್‌ಗಳು ಆಮೇಲೆ ಕೆನ್ನೆಗೆ ಉಗುರುಬೆಚ್ಚಗಿನ ಬಟ್ಟೆ ಇಡಲು ಹೇಳುತ್ತಾರೆ. ಹೇಳಿದರೆ ಮಾತ್ರ ಇಡಿ.

ನೋವಿಗೆ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಬರೆಯುತ್ತಾರೆ. ಶೀತದ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಎರಡನ್ನೂ ಒಟ್ಟಿಗೆ ನುಂಗಿ ಪ್ರಮಾಣ ಮೀರಬೇಡಿ. ಮೂಗು ಕಟ್ಟಿ ಬಾಯಲ್ಲೇ ಉಸಿರಾಡುವುದರಿಂದ ಗಂಟಲು ಒಣಗುತ್ತದೆ. ಪಕ್ಕದಲ್ಲಿ ನೀರಿನ ಚೊಂಬು ಇರಲಿ, ತುಟಿಗೆ ವ್ಯಾಸಲೀನ್ ಇರಲಿ.

ಹಾಗಂತ ಇಡೀ ದಿನ ಬಿದ್ದುಕೊಂಡಿರಬೇಡಿ. ಮೊದಲ ದಿನದಿಂದಲೇ ಜಗುಲಿಯಲ್ಲಿ ನಿಧಾನಕ್ಕೆ ಓಡಾಡಬೇಕು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಅದು ಕಾಯುತ್ತದೆ, ಊತಕ್ಕೂ ಒಳ್ಳೆಯದು. ಬಗ್ಗುವುದು ಮಾತ್ರ ಬೇಡ. ಚಪ್ಪಲಿ ಎತ್ತುವುದು, ಕಸ ಗುಡಿಸುವುದು, ರಂಗೋಲಿ, ಕರುವಿಗೆ ಹುಲ್ಲು ಹಾಕುವುದು, ದೊಡ್ಡವರ ಕಾಲಿಗೆ ಬೀಳುವುದು, ಎಲ್ಲದಕ್ಕೂ ಎರಡು ಮೂರು ವಾರ ರಜೆ. ನಿಂತೇ ಕೈ ಮುಗಿದರೆ ಯಾವ ದೇವರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮತ್ತೊಂದು. ಅಂಗಾತ ಮಲಗಿ ಮೊಬೈಲ್ ನೋಡಬೇಡಿ. ಕೈ ಜಾರಿ ಫೋನ್ ನೇರ ಮೂಗಿನ ಮೇಲೆ ಬೀಳುತ್ತದೆ.

ಹೆಜ್ಜೆ 6: ಊಟ

ಉಪ್ಪು ನೀರನ್ನು ಹಿಡಿದಿಡುತ್ತದೆ, ಮುಖ ಊದುತ್ತದೆ. ನಮ್ಮ ಊಟದಲ್ಲಿ ಉಪ್ಪು ಎಲ್ಲಿದೆ ಅಂದರೆ ಸಾರಿಗಿಂತ ಜಾಸ್ತಿ ಅದರ ಪಕ್ಕದಲ್ಲಿ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಬಾಳಕದ ಮೆಣಸು, ಉಪ್ಪಲ್ಲಿ ಹಾಕಿಟ್ಟ ಹಲಸಿನ ಸೊಳೆ, ಒಣಮೀನು. ಗಂಜಿಗೆ ಮಿಡಿ ಉಪ್ಪಿನಕಾಯಿ ಇಲ್ಲದೆ ಹೇಗೆ ಅನ್ನುತ್ತೀರಿ, ಗೊತ್ತು. ಎರಡು ಮೂರು ವಾರದ ಮಟ್ಟಿಗೆ ತೆಂಗಿನಕಾಯಿ ಚಟ್ನಿ, ಉಪ್ಪು ಕಮ್ಮಿ ಹಾಕಿದ ತಂಬುಳಿ ನಂಚಿಕೊಳ್ಳಿ. ಒಂದೆಲಗದ ತಂಬುಳಿ ತಂಪಾಗಿಯೂ ಇರುತ್ತದೆ, ಅಗಿಯುವ ಕೆಲಸವೂ ಇಲ್ಲ.

ಮೊದಲ ವಾರ ಮೆತ್ತನೆಯದೇ ಇರಲಿ. ಗಂಜಿ, ಮೊಸರನ್ನ, ಕಡುಬು, ಬೇಳೆ ಕಟ್ಟು, ಬೇಯಿಸಿದ ಮೊಟ್ಟೆ, ಖಾರ ಕಡಿಮೆ ಹಾಕಿದ ಮೀನು. ಗಾಯ ಮಾಯಲು ಪ್ರೋಟೀನ್ ಬೇಕು. ಗರಿಗರಿ ಅಕ್ಕಿರೊಟ್ಟಿ, ಕೋಡುಬಳೆ, ಎಳೆದು ಕಚ್ಚುವ ಮಾಂಸ ಆಮೇಲೆ. ಸುಡುಸುಡು ಸಾರು, ಖಾರದ ಕಷಾಯ ಮೂಗು ಸುರಿಸುತ್ತವೆ. ಒರೆಸಬಾರದ ಮೂಗು ಸುರಿದರೆ ಎಷ್ಟು ಹಿಂಸೆ ಅಂತ ಅನುಭವಿಸಿದವರಿಗೇ ಗೊತ್ತು. ಆರಿಸಿ ಕುಡಿಯಿರಿ.

ಪಥ್ಯ ಅಂತ ಹೇಳಿ ಬದನೆಕಾಯಿ ನಂಜು, ಮೊಸರು ಕೀವು ಮಾಡುತ್ತದೆ ಅಂತ ಎಲ್ಲವನ್ನೂ ತಪ್ಪಿಸಿದರೆ ಆಯಾಸ ಹೆಚ್ಚುತ್ತದೆ. ನಿಮಗೆ ಮೊದಲಿಂದ ಅಲರ್ಜಿ ಇಲ್ಲದ ಆಹಾರ ಬಿಡುವ ಅಗತ್ಯ ಇಲ್ಲ.

ಅನಾನಸ್ ತಿಂದರೆ ಊತ ಇಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದರಲ್ಲಿರುವ ಬ್ರೊಮೆಲಿನ್ ಅನ್ನುವ ಕಿಣ್ವದ ಮೇಲೆ ಈ ನಂಬಿಕೆ ನಿಂತಿದೆ. ಆದರೆ ಮಾತ್ರೆಗೆ ಬಳಸುವ ಬ್ರೊಮೆಲಿನ್ ತೆಗೆಯುವುದು ಮುಖ್ಯವಾಗಿ ಗಿಡದ ದಿಂಡಿನಿಂದ, ಹಣ್ಣಿನ ನಾಲ್ಕು ಹೋಳು ಔಷಧಿ ಆಗುವುದಿಲ್ಲ. ಸೊರಬ, ಸಾಗರದ ಕಡೆಯ ಸಿಹಿ ಅನಾನಸ್ ರುಚಿಗೆ ಧಾರಾಳ ತಿನ್ನಿ. ಬ್ರೊಮೆಲಿನ್ ಮಾತ್ರೆ, ಆರ್ನಿಕಾ ಅನ್ನುವ ಗಿಡದ ಔಷಧಿ ಇವುಗಳ ಬಗ್ಗೆ ಅಧ್ಯಯನಗಳ ಫಲ ಒಂದೇ ರೀತಿ ಇಲ್ಲ. ಬೇಕಿದ್ದರೆ ಸರ್ಜನ್ ಕೇಳಿ ತೆಗೆದುಕೊಳ್ಳಿ. ದಿಂಬು ಮತ್ತು ಉಪ್ಪಿನ ವಿಷಯದಲ್ಲಿ ಸಡಿಲ ಬಿಟ್ಟು ಆರ್ನಿಕಾ ನಂಬಿ ಕೂತರೆ ಕೆಲಸ ಆಗದು.

ನೀರು ಚೆನ್ನಾಗಿ ಕುಡಿಯಿರಿ. ಮಳೆಗಾಲದಲ್ಲಿ ಬಾಯಾರಿಕೆ ಆಗದೆ ಮರೆತೇ ಹೋಗುತ್ತದೆ. ಬಾಳೆಹಣ್ಣು, ಪಪ್ಪಾಯಿ, ಸೊಪ್ಪು ಇರಲಿ. ಮಲಬದ್ಧತೆ ಆಗಿ ಮುಕ್ಕಿರಿದರೆ ಆ ಒತ್ತಡ ನೇರ ಮುಖಕ್ಕೆ ಏರುತ್ತದೆ, ಮೂಗಿನಿಂದ ರಕ್ತ ಬರುವುದೂ ಉಂಟು. ಹೊಟ್ಟೆ ಬಿಗಿದರೆ ತಡ ಮಾಡದೆ ಇಸಬ್‌ಗೋಲ್ ಅಥವಾ ಡಾಕ್ಟರ್ ಹೇಳಿದ್ದನ್ನು ತೆಗೆದುಕೊಳ್ಳಿ.

ಹೆಜ್ಜೆ 7: ಸ್ನಾನ, ಸೀನು, ಹೊಗೆ

ಬಚ್ಚಲು ಮನೆಯ ಹಂಡೆ ನೀರು ನಮಗೆ ಸುಖ. ಆದರೆ ಆ ಹಬೆ ಮುಖದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಕಾಸ್ಟನ್ನು ಸಡಿಲ ಮಾಡುತ್ತದೆ, ಹಂಡೆ ಒಲೆಯ ಹೊಗೆ ಸೀನು ತರುತ್ತದೆ. ಮೊದಲ ವಾರ ಉಗುರುಬೆಚ್ಚಗಿನ ನೀರು, ಕುತ್ತಿಗೆಯ ಕೆಳಗೆ ಮಾತ್ರ. ಬಕೆಟ್ಟಿಗೆ ಬಗ್ಗದಂತೆ ಸ್ಟೂಲ್ ಮೇಲೆ ಇಟ್ಟುಕೊಳ್ಳಿ. ತಲೆಗೆ ಹಾಕಬೇಕಿದ್ದರೆ ಕುರ್ಚಿಯಲ್ಲಿ ಕೂತು ತಲೆ ಹಿಂದಕ್ಕೆ ಚೆಲ್ಲಿ, ಇನ್ನೊಬ್ಬರು ಹಣೆಗೆ ಅಂಗೈ ಅಡ್ಡ ಹಿಡಿದು ಚೊಂಬಿನಿಂದ ನಿಧಾನ ಹುಯ್ಯಬೇಕು. ಎಣ್ಣೆ ಸ್ನಾನ, ಮುಖಕ್ಕೆ ಎಣ್ಣೆ ತಿಕ್ಕುವುದು, ಹಬೆ ತೆಗೆದುಕೊಳ್ಳುವುದು ಸರ್ಜನ್ ಒಪ್ಪುವವರೆಗೆ ಬೇಡ.

ಸೀನು ಬಂದರೆ ತಡೆಯಬೇಡಿ, ಮೂಗು ಹಿಡಿಯಬೇಡಿ. ಬಾಯಿ ಅಗಲ ತೆರೆದು ಸೀನಿ. ಒತ್ತಡ ಬಾಯಿಂದ ಹೋಗುತ್ತದೆ. ಇನ್ನೂ ಒಳ್ಳೆಯದು ಸೀನು ಬರದಂತೆ ನೋಡಿಕೊಳ್ಳುವುದು. ಒಣಮೆಣಸಿನ ಒಗ್ಗರಣೆ ಹಾಕುವ ಮುಂಚೆ ಕೋಣೆಯ ಬಾಗಿಲು ಮುಚ್ಚಿ. ಊದುಬತ್ತಿ, ಧೂಪ ಹಚ್ಚಬೇಡಿ, ಸೊಳ್ಳೆ ಬತ್ತಿಯ ಬದಲು ಸೊಳ್ಳೆ ಪರದೆ ಕಟ್ಟಿ.

ಮೂಗು ಸೀಟುವುದು ಎರಡು ವಾರ ಪೂರ್ತಿ ನಿಷೇಧ. ಒಳಗೆ ಕಟ್ಟಿದ ಹಕ್ಕಳೆಯನ್ನು ಕೀಳಬೇಡಿ. ಸರ್ಜನ್ ಹೇಳಿದಷ್ಟು ಸಲ ಸಲೈನ್ ಸ್ಪ್ರೇ ಹಾಕಿದರೆ ತಾನೇ ಮೆದುವಾಗುತ್ತದೆ. ಹೊರಗಿನ ಹೊಲಿಗೆಯನ್ನು ಅವರು ತೋರಿಸಿದಂತೆ ಹತ್ತಿ ಕಡ್ಡಿಯಿಂದ ಒರೆಸಿ ತೆಳುವಾಗಿ ಮುಲಾಮು ಹಚ್ಚಿ. ತುಪ್ಪ, ಕೊಬ್ಬರಿ ಎಣ್ಣೆ, ನಸ್ಯದ ತೈಲ ಮೂಗಿನೊಳಗೆ ಬಿಡಬೇಡಿ. ಮುಂದೆ ಸರ್ಜನ್ ನೀರಿನಿಂದ ಮೂಗು ತೊಳೆಯಲು ಹೇಳಿದರೂ ಬಾವಿ ನೀರು, ನಲ್ಲಿ ನೀರು ಹಾಗೇ ಬಳಸಬಾರದು. ಕುದಿಸಿ ಆರಿಸಿದ ನೀರೇ ಆಗಬೇಕು. ಮಿದುಳಿಗೆ ಏರುವ ಅಮೀಬಾ ಮೂಗಿನ ಮೂಲಕವೇ ಒಳಗೆ ಹೋಗುತ್ತದೆ.

ಹೆಜ್ಜೆ 8: ಕಾಸ್ಟ್ ತೆಗೆದ ಮೇಲೆ

ಸುಮಾರು ಒಂದು ವಾರಕ್ಕೆ ಕಾಸ್ಟ್ ಬಿಚ್ಚುತ್ತಾರೆ. ಆ ದಿನ ಕಾಣುವ ಮೂಗು ನಿಮ್ಮ ಮೂಗಲ್ಲ. ಅಗಲ, ಮೇಲೆತ್ತಿದ ತುದಿ, ಜಿಡ್ಡು ಚರ್ಮ. ಕಾಸ್ಟಿನ ಒತ್ತಡ ಹೋದ ಕೂಡಲೇ ಒಂದೆರಡು ದಿನ ಊತ ಮತ್ತೆ ಸ್ವಲ್ಪ ಏರಲೂಬಹುದು. ಒಂದು ಪಕ್ಕ ಜಾಸ್ತಿ, ಇನ್ನೊಂದು ಪಕ್ಕ ಕಡಿಮೆ ಇರುತ್ತದೆ. ಮೇಲ್ದುಟಿ ಮರಗಟ್ಟಿ ನಗು ವಿಚಿತ್ರ ಅನಿಸುತ್ತದೆ. ತಂಗಿ ಆ ಸಂಜೆ ಯಾರ ಜೊತೆಗೂ ಮಾತಾಡಲಿಲ್ಲ. ನೋಡಲು ಬರುವ ನೆಂಟರನ್ನು ಇನ್ನೊಂದು ವಾರ ಮುಂದೂಡಿ ಅಂತ ನಾನು ಹೇಳುವುದು ಇದಕ್ಕೇ. ಒಬ್ಬರ ಅಯ್ಯೋ ಪಾಪ ಸಾಕು, ಆ ಜೀವ ಇಡೀ ರಾತ್ರಿ ಕೊರಗಲು.

ಕನ್ನಡಕವನ್ನು 4ರಿಂದ 6 ವಾರ ಮೂಗಿನ ಮೇಲೆ ಕೂರಿಸಬಾರದು. ಹಣೆಗೆ ಟೇಪಿನಿಂದ ಅಂಟಿಸಿಕೊಳ್ಳಬಹುದು ಅಥವಾ ಕಾಂಟ್ಯಾಕ್ಟ್ ಲೆನ್ಸ್ ಬಗ್ಗೆ ಕೇಳಿ. ಮುಖ ಮುಚ್ಚುವ ಹೆಲ್ಮೆಟ್ ಹಾಕುವಾಗ ಮೂಗು ಉಜ್ಜುತ್ತದೆ. ಹೆಲ್ಮೆಟ್ ಇಲ್ಲದೆ ಗಾಡಿ ಓಡಿಸುವುದಂತೂ ಪರಿಹಾರ ಅಲ್ಲ, ಹಾಗಾಗಿ ಆ ಒಂದೂವರೆ ತಿಂಗಳು ಬೈಕ್ ಬೇಡ.

ಬಿಸಿಲು ಕಲೆಯನ್ನು ಉಳಿಸುತ್ತದೆ. ನಮ್ಮಂಥ ಗೋಧಿ, ಕಂದು ಬಣ್ಣದ ಚರ್ಮದಲ್ಲಿ ನೀಲಿ ಹೋದ ಮೇಲೂ ಕಂದು ಛಾಯೆ ತಿಂಗಳುಗಟ್ಟಲೆ ನಿಲ್ಲಬಹುದು. ಹೊರಗೆ ಹೋಗುವಾಗ ಅಗಲ ಟೋಪಿ ಇರಲಿ. ಗಾಯ ಮಾಯ್ದ ಮೇಲೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಹಚ್ಚಿ, ಮೋಡ ಕವಿದ ದಿನವೂ ಬಿಡಬೇಡಿ.

ಬಿರುಸು ನಡಿಗೆ ಎರಡು ಮೂರು ವಾರದ ನಂತರ. ಭಾರ ಎತ್ತುವುದು, ಓಟ, ಸೂರ್ಯನಮಸ್ಕಾರ 4ರಿಂದ 6 ವಾರದ ನಂತರ. ಹೊಳೆಯಲ್ಲಿ ಈಜುವುದನ್ನೂ ಸರ್ಜನ್ ಕೇಳಿಯೇ ಶುರು ಮಾಡಿ. ವಾಲಿಬಾಲ್, ಕಬಡ್ಡಿ ಕೆಲವು ತಿಂಗಳು ದೂರ. ಸಣ್ಣ ಮಕ್ಕಳನ್ನು ಎತ್ತಿಕೊಳ್ಳುವಾಗ, ಹಸು ಕರುವಿನ ಹತ್ತಿರ ಹೋಗುವಾಗ ಹುಷಾರು. ಪ್ರೀತಿಯಿಂದ ತಲೆ ಕೊಡವಿದರೂ ಏಟು ಏಟೇ.

ಕಾಯಬಾರದ ಲಕ್ಷಣಗಳು

ಗುಲಾಬಿ ಬಣ್ಣದ ದ್ರವ ಮೊದಲ ಎರಡು ಮೂರು ದಿನ ಒಸರುವುದು ಸಹಜ. ರಕ್ತ ಜಾಸ್ತಿ ಬಂದರೆ ಮಲಗಬೇಡಿ. ನೆಟ್ಟಗೆ ಕೂತು ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ, ಬಾಯಿಗೆ ಬಂದ ರಕ್ತ ಉಗಿಯಿರಿ, ಆಸ್ಪತ್ರೆಗೆ ಫೋನ್ ಮಾಡಿ. ನಿಲ್ಲದೆ ಸುರಿಯುತ್ತಿದ್ದರೆ 108ಕ್ಕೆ ಕರೆ ಮಾಡಿ.

ಮೂಗಿನ ನಡುಗೋಡೆಯಲ್ಲಿ ರಕ್ತ ಸೇರಿಕೊಳ್ಳುವುದು ಇನ್ನೊಂದು ಅಪಾಯ. ಮೂಗು ಪೂರ್ತಿ ಕಟ್ಟುತ್ತಾ ಹೋಗುತ್ತದೆ, ನೋವು ಏರುತ್ತದೆ, ಒಳಗೆ ಮೆತ್ತನೆಯ ಉಬ್ಬು ಕಾಣುತ್ತದೆ. ಅದನ್ನು ಬೇಗ ಬಸಿಯದಿದ್ದರೆ ಮೃದ್ವಸ್ಥಿ ಸತ್ತು ಮೂಗು ಕುಸಿಯಬಹುದು. ಇಳಿಯುತ್ತಿದ್ದ ಊತ ಇದ್ದಕ್ಕಿದ್ದಂತೆ ಏರುವುದು, ಒಂದೇ ಕಣ್ಣು ತುಂಬಾ ಊದುವುದು, ನೋಟ ಮಂಜಾಗುವುದು, ಕೀವು, ಮೂಗಿನಿಂದ ತಿಳಿನೀರು ತೊಟ್ಟಿಕ್ಕುವುದರ ಜೊತೆ ತಲೆನೋವು, ಮೀನಖಂಡದಲ್ಲಿ ನೋವು, ಉಸಿರು ಸಿಕ್ಕಿಕೊಳ್ಳುವುದು, ಇವುಗಳಲ್ಲಿ ಯಾವುದಾದರೂ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಸರ್ಜನ್ ದೂರದ ಊರಿನಲ್ಲಿದ್ದರೆ ಅವರಿಗೆ ಫೋನ್ ಮಾಡಿಕೊಂಡೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂಥ ಕಡೆಗೆ ಹೊರಡಿ. ಹೊಸನಗರ, ಸಾಗರ, ತೀರ್ಥಹಳ್ಳಿಯ ಒಳಹಳ್ಳಿಗಳಿಂದ ಶಿವಮೊಗ್ಗ ಮುಟ್ಟಲು ಎರಡು ಗಂಟೆಯಾದರೂ ಬೇಕು, ಮಳೆಯಲ್ಲಿ ಇನ್ನೂ ಜಾಸ್ತಿ. ಗಾಡಿ ಯಾರದು, ಡ್ರೈವರ್ ಯಾರು ಅಂತ ಮೊದಲೇ ಮಾತಾಡಿಟ್ಟಿರಿ.

ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಸೋಂಕು ಇರಬಹುದು. ಆದರೆ ಮಲೆನಾಡಿನಲ್ಲಿ ಇನ್ನೊಂದನ್ನೂ ಮರೆಯುವ ಹಾಗಿಲ್ಲ. ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದೇ ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಡಿಸೆಂಬರ್‌ನಿಂದ ಮೇ ವರೆಗೆ ಅದರ ಕಾಲ. ಮಳೆಗಾಲದಲ್ಲಿ ಡೆಂಗ್ಯೂ. ಎರಡರಲ್ಲೂ ಮೂಗಿನಿಂದ ರಕ್ತ ಬರಬಹುದು. ಕಾಡಂಚಿನ ಮನೆಯವರಿಗೆ ಸರ್ಜರಿ ನಂತರ ಜ್ವರ, ಮೈಕೈ ನೋವು ಬಂದರೆ ಡಾಕ್ಟರ್ ಬಳಿ ಎರಡನ್ನೂ ಹೇಳಿ. ಸರ್ಜರಿ ಆಗಿದೆ ಅಂತಲೂ ಹೇಳಿ, ತೋಟ ಕಾಡಿಗೆ ಹೋಗಿದ್ದೆವು ಅಂತಲೂ ಹೇಳಿ.

ಹೆಜ್ಜೆ 9: ಉಳಿದ ತಿಂಗಳುಗಳು

ಮಳೆ ನಿಂತ ಮೇಲೂ ಗದ್ದೆಯ ನೀರು ಬಸಿಯಲು ಸಮಯ ಬೇಕಲ್ವಾ, ಹಾಗೆಯೇ ಇದು. ಚರ್ಮದಡಿ ದ್ರವ ಹೊತ್ತೊಯ್ಯುವ ಸೂಕ್ಷ್ಮ ನಾಳಗಳು ಮತ್ತೆ ಸರಿಯಾಗಿ ಕೂಡಿಕೊಳ್ಳಬೇಕು. ಮೇಲಿನ ಭಾಗ ಮೊದಲು ಇಳಿಯುತ್ತದೆ, ತುದಿ ಕೊನೆಗೆ. ಆ ತನಕ ತುದಿ ಗಟ್ಟಿಯಾಗಿ, ಜೋಮು ಹಿಡಿದ ಹಾಗಿರುತ್ತದೆ. ಮದುವೆ ಮನೆಯ ಊಟ ಉಂಡ ಮಾರನೇ ದಿನ, ಬಿಸಿಲಲ್ಲಿ ಓಡಾಡಿದ ದಿನ ಸ್ವಲ್ಪ ದಪ್ಪ ಕಂಡರೆ ಹೆದರಬೇಡಿ.

ಕೆಲವು ಸರ್ಜನ್‌ಗಳು ರಾತ್ರಿ ಟೇಪ್ ಹಾಕಲು, ಕೆಲವರು ಬೆರಳಿನಿಂದ ಒತ್ತಲು ಹೇಳಿಕೊಡುತ್ತಾರೆ. ಅವರೇ ಕೈ ಹಿಡಿದು ತೋರಿಸಿದ್ದರೆ ಮಾತ್ರ ಮಾಡಿ. ವಿಡಿಯೋ ನೋಡಿ ಮೂಗು ತಿಕ್ಕಬೇಡಿ, ತಿಕ್ಕಿದಷ್ಟೂ ಊದುತ್ತದೆ. ತುದಿಯ ಮೇಲಿನ ಊತ ತಿಂಗಳುಗಳಾದರೂ ಹಟ ಹಿಡಿದರೆ ಸಣ್ಣ ಪ್ರಮಾಣದ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವುದಿದೆ. ಹೆಚ್ಚಾದರೆ ಚರ್ಮ ತೆಳುವಾಗಿ ಗುಳಿ ಬೀಳುತ್ತದೆ, ಹಾಗಾಗಿ ಅದನ್ನು ಸರ್ಜರಿ ಮಾಡಿದವರೇ ತೀರ್ಮಾನಿಸಬೇಕು.

ದಿನಾ ಕನ್ನಡಿ ಮುಂದೆ ಅಳೆಯುವ ಬದಲು ತಿಂಗಳಿಗೊಮ್ಮೆ ಒಂದೇ ಜಾಗ, ಒಂದೇ ಬೆಳಕಿನಲ್ಲಿ ಮೂರು ಫೋಟೋ ತೆಗೆದಿಡಿ. ನೇರ, ಎಡ, ಬಲ. ಸಂಜೆ ಹೊತ್ತು ತೆಗೆದರೆ ಬೆಳಗಿನ ಊತದ ಗೊಂದಲ ಇರುವುದಿಲ್ಲ. ಫಾಲೋಅಪ್‌ಗೆ ಹೋದಾಗ ಅವನ್ನೇ ತೋರಿಸಿ ಮಾತಾಡಿ. ಆಕಾರ ಇಷ್ಟವಾಗಲಿಲ್ಲ, ಇನ್ನೊಮ್ಮೆ ತಿದ್ದಿಸಬೇಕು ಅನಿಸಿದರೂ ಸಾಮಾನ್ಯವಾಗಿ ಒಂದು ವರ್ಷ ತುಂಬುವ ಮುಂಚೆ ಸರ್ಜನ್‌ಗಳು ಕೈ ಹಾಕುವುದಿಲ್ಲ. ಉಸಿರಾಟಕ್ಕೆ ತೊಂದರೆ ಇದ್ದರೆ ಮಾತ್ರ ವರ್ಷ ಕಾಯದೆ ಆಗಲೇ ಹೋಗಿ ತೋರಿಸಿ.